ಪ್ಲಾಸ್ಮಾದ ಅಂಚಿನಲ್ಲಿ ಒಂದೇ ಕಡೆ ಓಡುವ ಅಲೆ: ಲ್ಯಾಬ್‌ನಲ್ಲಿ ಹಿಡಿಯುವುದು ಹೇಗೆ?

ಶಂಕರಘಟ್ಟ ಹಾಸ್ಟೆಲ್:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೇನೆ. ಕ್ವಾಂಟಮ್ ಹಾಲ್ ಎಫೆಕ್ಟ್, ಚರ್ನ್ ಸಂಖ್ಯೆ (ಅಲೆಗಳ ಬ್ಯಾಂಡಿನ ತಿರುಚನ್ನು ಎಣಿಸುವ ಪೂರ್ಣಾಂಕ), ಅಂಚಿನಲ್ಲಿ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಇಷ್ಟು ಕ್ಲಾಸಿನಲ್ಲಿ ಆಗಿದೆ. ಮೊನ್ನೆ 2020ರ ಒಂದು ಪೇಪರ್ ಕೈಗೆ ಸಿಕ್ಕಿತು. ಪಾರ್ಕರ್, ಮಾರ್ಸ್ಟನ್, ಟೋಬಿಯಾಸ್, ಝು ಎಂಬ ನಾಲ್ವರು ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಬರೆದದ್ದು. ಕಾಂತಕ್ಷೇತ್ರದೊಳಗಿನ ಪ್ಲಾಸ್ಮಾದ (ಎಲೆಕ್ಟ್ರಾನುಗಳು ಬಿಡಿಯಾದ ಗ್ಯಾಸಿನ) ಅಂಚಿನಲ್ಲೂ ಇಂಥದ್ದೇ ಅಲೆ ಇರುತ್ತದೆ, ಈಗಿರುವ ಲ್ಯಾಬ್ ಯಂತ್ರಗಳಲ್ಲೇ ಅದನ್ನು ಹುಡುಕಬಹುದು ಅನ್ನುತ್ತದೆ ಆ ಪೇಪರ್.

ನನ್ನ ಗೊಂದಲ ಹೀಗಿದೆ. ಘನವಸ್ತುವಿಗೆ ಅಂಚು ಅಂದರೆ ಅಂಚು. ತುಂಡು ಎಲ್ಲಿ ಮುಗಿಯಿತೋ ಅಲ್ಲಿ. ಪ್ಲಾಸ್ಮಾ ಹಾಗಲ್ಲ ಅಲ್ವಾ? ನಡುವೆ ದಟ್ಟ, ಹೊರಗೆ ಹೋದಂತೆ ತೆಳು, ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಅಂಥ ಕಡೆ "ಅಂಚಿನ ಅಲೆ" ಎಲ್ಲಿ ಕೂರುತ್ತದೆ? ಅದಕ್ಕೆ "ರಕ್ಷಣೆ" ಇದೆ ಅನ್ನುತ್ತಾರಲ್ಲ, ಅದು ಯಾವುದರಿಂದ?

ಇನ್ನೊಂದು ಆಸೆ. ನಮ್ಮ ಲ್ಯಾಬ್‌ನಲ್ಲಿ ಗ್ಲೋ ಡಿಸ್ಚಾರ್ಜ್ ಸೆಟ್ ಇದೆ. ಗಾಜಿನ ಟ್ಯೂಬು, ರೋಟರಿ ಪಂಪು, ಹೈ ವೋಲ್ಟೇಜ್ ಸಪ್ಲೈ. ಅದರಲ್ಲಿ ಏನಾದರೂ ಮಾಡಲು ಆಗುತ್ತದಾ? ಗೈಡ್ ಹತ್ತಿರ ಕೇಳಿದರೆ "ಮೊದಲು ಲೆಕ್ಕ ಹಾಕಿಕೊಂಡು ಬಾ" ಅಂದರು. ಪಂಪು ಬೇರೆ ಈ ಮಳೆ ಶುರುವಾದಾಗಿನಿಂದ ಸರಿಯಾಗಿ ಎಳೆಯುತ್ತಿಲ್ಲ.

ದುರ್ಗಿಗುಡಿ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ನಾನು ಪ್ಲಾಸ್ಮಾದವನಲ್ಲ, ಪಿಯುಸಿಗೆ ಪಾಠ ಮಾಡಿ ನಿವೃತ್ತನಾದವನು. ಆದರೆ ಈ ಕಥೆಗೆ ಒಂದು ಹಿಂದಿನ ಅಧ್ಯಾಯ ಇದೆ, ಅದು ನಮ್ಮ ಮಳೆಗೂ ಸಂಬಂಧಪಟ್ಟದ್ದು.

ನೀವು ಹೇಳಿದ ಮಾರ್ಸ್ಟನ್ ಅವರೇ 2017ರಲ್ಲಿ ಡೆಲ್‌ಪ್ಲಾಸ್, ವೆನೈಲ್ ಎಂಬಿಬ್ಬರ ಜೊತೆ ಸೈನ್ಸ್ ಪತ್ರಿಕೆಯಲ್ಲಿ ಒಂದು ಪೇಪರ್ ಬರೆದರು. ವಿಷಯ ಸಮಭಾಜಕದ ಉದ್ದಕ್ಕೂ ಸಾಗುವ ಸಮುದ್ರದ ಅಲೆಗಳು. ಭೂಮಿ ತಿರುಗುವುದರಿಂದ ಹುಟ್ಟುವ ಕೊರಿಯೊಲಿಸ್ ಪರಿಣಾಮ ಉತ್ತರದಲ್ಲಿ ಒಂದು ಚಿಹ್ನೆ, ದಕ್ಷಿಣದಲ್ಲಿ ಇನ್ನೊಂದು. ಸಮಭಾಜಕದಲ್ಲಿ ಸೊನ್ನೆ. ಅಲ್ಲಿ ಗೋಡೆಯೂ ಇಲ್ಲ, ದಡವೂ ಇಲ್ಲ, ಬರೀ ನೀರು. ಆದರೂ ಅದು ಒಂದು ಅಂಚು. ಎರಡು ಕಡೆಯ ಚರ್ನ್ ಸಂಖ್ಯೆಗಳ ವ್ಯತ್ಯಾಸ 2. ಅದಕ್ಕೆ ಸರಿಯಾಗಿ ಬ್ಯಾಂಡ್‌ಗಳ ನಡುವಿನ ಖಾಲಿ ಜಾಗವನ್ನು (ಸಾಮಾನ್ಯ ಅಲೆ ಇರದ ಕಂಪನಾಂಕಗಳನ್ನು) ದಾಟುವ ಅಲೆಗಳೂ ಎರಡೇ, ಕೆಲ್ವಿನ್ ಅಲೆ ಮತ್ತು ಯಾನೈ ಅಲೆ. ಕೆಲ್ವಿನ್ ಅಲೆ ಪೂರ್ವಕ್ಕೆ ಮಾತ್ರ ಹೋಗುತ್ತದೆ. ಪೆಸಿಫಿಕ್ ಸಾಗರ ದಾಟಲು ಅದಕ್ಕೆ ಎರಡು ಮೂರು ತಿಂಗಳು ಬೇಕು. ಎಲ್ ನಿನೋ ಕಟ್ಟಿಕೊಳ್ಳುವಾಗ ಬಿಸಿನೀರು ದಕ್ಷಿಣ ಅಮೆರಿಕದ ಕಡೆಗೆ ಸರಿಯುವುದು ಈ ಅಲೆಗಳ ಕೈಯಲ್ಲೇ. ಎಲ್ ನಿನೋ ಜೋರಾದ ವರ್ಷ ನಮ್ಮ ಮುಂಗಾರು ಎಷ್ಟೋ ಸಲ ಕೈಕೊಡುತ್ತದೆ. ಆಗುಂಬೆಯವರಿಗೆ ಇದನ್ನು ಹೇಳಿದರೆ ನಗಬಹುದು, ಅವರಿಗೆ ಕಡಿಮೆ ಅಂದರೂ ನಮಗೆ ಜಾಸ್ತಿ!

ಹಾಗಾಗಿ ಅಂಚಿಗೆ ಗೋಡೆ ಬೇಕು ಎಂದೇನಿಲ್ಲ. ಯಾವುದೋ ಒಂದು ಪ್ರಮಾಣ ನಿಧಾನವಾಗಿ ಬದಲಾಗುತ್ತಾ ಒಂದು ನಿರ್ಣಾಯಕ ಬೆಲೆಯನ್ನು ದಾಟಿದರೆ ಸಾಕು. ಸಮುದ್ರದಲ್ಲಿ ಅದು ಕೊರಿಯೊಲಿಸ್, ಪ್ಲಾಸ್ಮಾದಲ್ಲಿ ಸಾಂದ್ರತೆ. ಯಂತ್ರದ ವಿಷಯವನ್ನು ಗೊತ್ತಿದ್ದವರು ಹೇಳಲಿ.

ತಾಳಗುಪ್ಪ ವ್ಯಾಕ್ಯೂಮ್:

ಮೇಷ್ಟ್ರು ದಾರಿ ಸರಿಯಾಗಿ ತೋರಿಸಿದ್ದಾರೆ. ತಮ್ಮಾ, ನಾನು ಥಿಯರಿ ಮಾಡಿದವನಲ್ಲ. ಉತ್ತರದ ಕಡೆ ಒಂದು ಪ್ಲಾಸ್ಮಾ ಲ್ಯಾಬ್‌ನಲ್ಲಿ ಪಂಪು, ಕಾಯಿಲ್, ಪ್ರೋಬ್ (ಪ್ಲಾಸ್ಮಾದೊಳಗೆ ತೂರಿಸಿ ಅಳೆಯುವ ಕಡ್ಡಿ) ನೋಡಿಕೊಂಡಿದ್ದು, ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಅಳತೆ ಮಾಡುವವನ ಕಣ್ಣಿನಿಂದ ಹೇಳುತ್ತೇನೆ, ಥಿಯರಿಯವರು ತಿದ್ದಲಿ.

ಮೊದಲು ಆ ಸಂಖ್ಯೆಯ ವಿಷಯ. ಹಳೆಯ ಅಕ್ಕಿ ಮಿಲ್ಲಿನ ಬೆಲ್ಟ್ ನೋಡಿದ್ದೀಯಾ? ಬೆಸೆಯುವ ಮೊದಲು ಅದಕ್ಕೆ ತಿರುಚು ಹಾಕಿದರೆ, ಬೆಸೆದ ಮೇಲೆ ನೀನು ಎಳೆದರೂ ಜಗ್ಗಿದರೂ ತಿರುಚಿನ ಲೆಕ್ಕ ಬದಲಾಗುವುದಿಲ್ಲ. ಬದಲಾಗಬೇಕು ಅಂದರೆ ಬೆಸುಗೆ ಬಿಚ್ಚಬೇಕು. ಚರ್ನ್ ಸಂಖ್ಯೆ ಆ ತಿರುಚಿನ ಲೆಕ್ಕ. ಬಿಚ್ಚುವುದು ಅಂದರೆ ಎರಡು ಬ್ಯಾಂಡ್‌ಗಳ ನಡುವಿನ ಖಾಲಿ ಜಾಗ ಮುಚ್ಚಿಹೋಗುವುದು. ದಟ್ಟ ಪ್ಲಾಸ್ಮಾದ ಲೆಕ್ಕ ಒಂದು, ತೆಳು ಪ್ಲಾಸ್ಮಾದ್ದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಖಾಲಿ ಜಾಗ ಮುಚ್ಚಲೇಬೇಕು. ನಿನ್ನ ಅಲೆ ಕೂರುವುದು ಅಲ್ಲೇ.

ಅದು ಎಲ್ಲಿ ಅಂತ ಲೆಕ್ಕ ಹಾಕಲು ಬರುತ್ತದೆ. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ತಾವಾಗಿ ತೂಗುವ ಒಂದು ಕಂಪನಾಂಕ ಇದೆ, ಅದು ಸಾಂದ್ರತೆಯ ವರ್ಗಮೂಲದ ಹಾಗೆ ಏರುತ್ತದೆ. ಕಾಂತಕ್ಷೇತ್ರದ ಸುತ್ತ ಎಲೆಕ್ಟ್ರಾನ್ ಗಿರಕಿ ಹೊಡೆಯುವ ಇನ್ನೊಂದು ಕಂಪನಾಂಕ ಇದೆ, 1 ಟೆಸ್ಲಾಗೆ 28 ಗಿಗಾಹರ್ಟ್ಸ್. ಕಾಂತರೇಖೆಯ ಉದ್ದಕ್ಕೆ ಹೋಗುವ ವಿಸ್ಲರ್ ಅಲೆ ಈ ಗಿರಕಿಯ ಕಂಪನಾಂಕದ ಕೆಳಗೇ ಇರುತ್ತದೆ. ನೀನು ಆರಿಸಿದ ಅಲೆಯುದ್ದದ ವಿಸ್ಲರ್‌ನ ಕಂಪನಾಂಕಕ್ಕೆ ಪ್ಲಾಸ್ಮಾದ ಕಂಪನಾಂಕ ಯಾವ ಸಾಂದ್ರತೆಯಲ್ಲಿ ಸರಿಹೊಂದುತ್ತದೋ ಅದೇ ಆ ಜಾಗ. ಕ್ಷೇತ್ರ 0.1 ಟೆಸ್ಲಾ ಇಟ್ಟುಕೋ, ಗಿರಕಿ 2.8 ಗಿಗಾಹರ್ಟ್ಸ್. ಕಾಂತರೇಖೆಯ ಉದ್ದಕ್ಕೆ ಅಲೆಯುದ್ದ 10 ಸೆಂಟಿಮೀಟರ್ ಆಗುವ ಹಾಗೆ ಆಂಟೆನಾ ಮಾಡು. ಆಗ ಎರಡೂ ಕೂಡುವುದು ಸುಮಾರು 1.8 ಗಿಗಾಹರ್ಟ್ಸ್‌ನಲ್ಲಿ. ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 4,000 ಕೋಟಿ ಎಲೆಕ್ಟ್ರಾನ್. ಪ್ಲಾಸ್ಮಾ ಕಂಬದ ನಡುವೆ ಇದಕ್ಕಿಂತ ದಟ್ಟ ಇರಬೇಕು, ಗೋಡೆ ಹತ್ತಿರ ಇದಕ್ಕಿಂತ ತೆಳು. ಇಳಿಜಾರಿನಲ್ಲಿ 4,000 ಕೋಟಿ ದಾಟುವ ಉಂಗುರದ ಸುತ್ತ ಅಲೆ ಓಡುತ್ತದೆ, ಒಂದೇ ಕಡೆಗೆ. ಇಳಿಜಾರು ಮೆಲ್ಲಗಿದ್ದರೂ ಆಗುತ್ತದೆ, ಅದೇ ಆ 2020ರ ಪೇಪರಿನ ಹೆಚ್ಚುಗಾರಿಕೆ. ಗ್ಯಾಸಿಗೆ ಚೂಪಾದ ಅಂಚು ಬರುವುದಿಲ್ಲ ಎಂದು ಒಪ್ಪಿಕೊಂಡೇ ಲೆಕ್ಕ ಮಾಡಿದ್ದಾರೆ.

ಈಗ ನಿನ್ನ ಟ್ಯೂಬು. ಕಾಲೇಜು ಗ್ಲೋ ಡಿಸ್ಚಾರ್ಜ್‌ನಲ್ಲಿ ಸಾಂದ್ರತೆ 1,000 ಕೋಟಿ ಬಂದರೆ ದೊಡ್ಡದು. ಅಂದರೆ 0.9 ಗಿಗಾಹರ್ಟ್ಸ್. ಹೊರಗೆ ಅದರ ಅಲೆಯುದ್ದ 33 ಸೆಂಟಿಮೀಟರ್. ಟ್ಯೂಬಿನ ಅಡ್ಡ ಎಷ್ಟಿದೆ, ನಾಲ್ಕು ಬೆರಳು? ಅದರ ಸುತ್ತಳತೆಯಲ್ಲಿ ಅಲೆ ಒಂದು ಸುತ್ತೂ ಹಿಡಿಸುವುದಿಲ್ಲ. ಮೇಲಿಂದ ಒತ್ತಡ. 1 ಮಿಲಿಬಾರ್ ಆರ್ಗಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಸೆಕೆಂಡಿಗೆ ನೂರಾರು ಕೋಟಿ ಸಲ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಅಲೆ ತೂಗುವುದೂ ಹೆಚ್ಚುಕಡಿಮೆ ಅಷ್ಟೇ ಸಲ. ಹುಟ್ಟಿದಲ್ಲೇ ಸತ್ತುಹೋಗುತ್ತದೆ. ಒತ್ತಡವನ್ನು ನೂರರಲ್ಲಿ ಒಂದು ಭಾಗಕ್ಕೆ ಇಳಿಸಬೇಕು, ಆಗ ಗ್ಲೋ ಉಳಿಯುವುದಿಲ್ಲ, ಬೇರೆ ಥರದ ಸೋರ್ಸ್ ಬೇಕು. ಕ್ಷೇತ್ರಕ್ಕೆ ಕಾಯಿಲ್ ಬೇಕು. ಮೀಟರಿಗೆ 1,000 ಸುತ್ತು ಸುತ್ತಿದರೂ 80 ಆಂಪಿಯರ್ ಹರಿಸಬೇಕು, ನೀರಿನಲ್ಲಿ ತಣಿಸಬೇಕು. ಹಾಸ್ಟೆಲ್ ಹುಡುಗರ ಪ್ರಾಜೆಕ್ಟ್ ಅಲ್ಲ ಮಾರಾಯ.

ದೊಡ್ಡ ಯಂತ್ರಗಳಲ್ಲೂ ಎಲ್ಲ ಹೊಂದುವುದಿಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಎಲ್‌ವಿಪಿಡಿ ಎಂಬ ಪ್ಲಾಸ್ಮಾ ಯಂತ್ರ ಇದೆ, 2 ಮೀಟರ್ ಅಡ್ಡ, 3 ಮೀಟರ್ ಉದ್ದ. ಜಾಗ ಬೇಕಾದಷ್ಟು, ಆದರೆ ಕ್ಷೇತ್ರ ಕೆಲವೇ ಗಾಸ್ (10,000 ಗಾಸ್ ಸೇರಿದರೆ 1 ಟೆಸ್ಲಾ). ಅಲ್ಲಿ ಗಿರಕಿಯ ಕಂಪನಾಂಕ ತೀರಾ ಕೆಳಗೆ, ಪ್ಲಾಸ್ಮಾದ್ದು ತೀರಾ ಮೇಲೆ, ಎರಡೂ ಕೂಡುವ ಮಾತೇ ಇಲ್ಲ. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ಎಲ್‌ಎಪಿಡಿ ಯಂತ್ರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸುಮಾರು 20 ಮೀಟರ್ ಉದ್ದದ, 1 ಮೀಟರ್ ಅಡ್ಡದ ಡ್ರಮ್ಮು. ಸೆಕೆಂಡಿಗೊಂದು ಸಲ ಪ್ಲಾಸ್ಮಾ ಹೊತ್ತಿ ಆರುತ್ತದೆ, ಪ್ರತಿ ಸಲವೂ ಪ್ರೋಬ್ ಸ್ವಲ್ಪ ಸರಿಯುತ್ತದೆ. ಹೀಗೆ ಇಡೀ ಅಡ್ಡಕೊಯ್ತದ ನಕ್ಷೆ ತೆಗೆಯುತ್ತಾರೆ. ಇಂಥ ಹುಡುಕಾಟಕ್ಕೆ ಬೇಕಾದ್ದು ಅದೇ ತಾಳ್ಮೆ.

ರಕ್ಷಣೆ ಯಾವುದರಿಂದ ಅಂತ ಕೇಳಿದೆ. ಹಿಂದಕ್ಕೆ ಚದುರುವುದರಿಂದ ಮಾತ್ರ. ದಾರಿಯಲ್ಲಿ ತಗ್ಗು ಉಬ್ಬು ಬಂದರೆ ಅಲೆ ವಾಪಸ್ ತಿರುಗುವುದಿಲ್ಲ, ಯಾಕೆಂದರೆ ಆ ಕಂಪನಾಂಕದಲ್ಲಿ ವಾಪಸ್ ಹೋಗುವ ಅಲೆಯೇ ಇಲ್ಲ. ಡಿಕ್ಕಿಯಿಂದ ಸಾಯುವುದಕ್ಕೆ ಯಾವ ರಕ್ಷಣೆಯೂ ಇಲ್ಲ. ಇನ್ನೊಂದು ಷರತ್ತನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಈ ಲೆಕ್ಕವೆಲ್ಲ ಉದ್ದಕ್ಕಿರುವ ಅಲೆಯುದ್ದ ಬದಲಾಗದಿದ್ದರೆ ಮಾತ್ರ ನಿಲ್ಲುವುದು. ಪಕ್ಕದಿಂದ ಒಂದು ಪ್ರೋಬ್ ತೂರಿಸಿದರೆ ಅದು ಉದ್ದದ ಒಂದೇ ಒಂದು ಜಾಗದಲ್ಲಿರುವ ಅಡ್ಡಿ. ಅಲೆಗೆ ಹೊಡೆದು ಬೇರೆ ಬೇರೆ ಅಲೆಯುದ್ದಗಳಿಗೆ ಹಂಚುತ್ತದೆ, ಅವಕ್ಕೆ ಒಳಗೆ ನುಗ್ಗಲು ದಾರಿ ಇರಬಹುದು. ಆದ್ದರಿಂದ ರಕ್ಷಣೆಯ ಪರೀಕ್ಷೆ ಮಾಡುವವರು ಅಡ್ಡಿಯಾಗಿ ಕಂಬಿ ಇಡುವುದಾದರೆ ಕಾಂತರೇಖೆಯ ಉದ್ದಕ್ಕೆ, ಈ ತುದಿಯಿಂದ ಆ ತುದಿಗೆ ಇಡಬೇಕು. 2009ರಲ್ಲಿ ಅಮೆರಿಕದ ಎಂಐಟಿಯವರು ಒಂದೇ ಕಡೆ ಓಡುವ ಅಲೆಯನ್ನು ಮೈಕ್ರೋವೇವ್‌ನಲ್ಲಿ ತೋರಿಸಿದಾಗ ಫೆರೈಟ್ (ಕಾಂತಗುಣದ ಸೆರಾಮಿಕ್) ಕಡ್ಡಿಗಳ ಸಾಲಿನ ಪಕ್ಕ ಲೋಹದ ತಗಡು ಅಡ್ಡ ಇಟ್ಟರು, ಅಲೆ ಬಳಸಿಕೊಂಡು ಹೋಯಿತು. ಅಲ್ಲಿ ಎಲ್ಲವೂ ಗಟ್ಟಿ ವಸ್ತು. ಪ್ಲಾಸ್ಮಾದಲ್ಲಿ ತಗಡು ಇಟ್ಟರೆ ಪ್ಲಾಸ್ಮಾವೇ ಬದಲಾಗಿಬಿಡುತ್ತದೆ.

ಪಂಪಿನ ವಿಷಯ. ಸೈಟ್ ಗ್ಲಾಸಿನಲ್ಲಿ ಎಣ್ಣೆಯ ಬಣ್ಣ ನೋಡು. ಜೇನು ಬಣ್ಣ ಹೋಗಿ ಬೆಳ್ಳಗೆ ಕದಡಿದ್ದರೆ ಅದರೊಳಗೆ ನೀರು ಸೇರಿದೆ. ನಮ್ಮ ಕಡೆ ಜೂನ್ ಬಂದರೆ ಗಾಳಿ ಅಂದರೆ ಅರ್ಧ ನೀರೇ. ಚೇಂಬರ್ ತೆರೆದಾಗಲೆಲ್ಲ ಗೋಡೆಗೆ ತೇವ ಹಿಡಿಯುತ್ತದೆ, ಅದು ಆವಿಯಾಗಿ ಪಂಪಿಗೆ ಬಂದು ಒತ್ತಡಕ್ಕೆ ಮತ್ತೆ ನೀರಾಗಿ ಎಣ್ಣೆಯಲ್ಲಿ ಬೆರೆಯುತ್ತದೆ. ಚೇಂಬರ್ ಕಡೆಯ ವಾಲ್ವ್ ಮುಚ್ಚಿ, ಗ್ಯಾಸ್ ಬ್ಯಾಲಸ್ಟ್ (ಪಂಪಿನೊಳಗೆ ಸ್ವಲ್ಪ ಗಾಳಿ ಬಿಡುವ ವಾಲ್ವ್) ತೆರೆದು, ಪಂಪನ್ನು ಬಿಸಿಯಾಗುವ ತನಕ ಅರ್ಧ ಗಂಟೆ ಓಡಲು ಬಿಡು. ತಿಳಿಯಾದರೆ ಸರಿ, ಇಲ್ಲವೆಂದರೆ ಎಣ್ಣೆ ಬದಲಿಸು. ಬ್ಯಾಲಸ್ಟ್ ಮುಚ್ಚಲು ಮರೆಯಬೇಡ, ತೆರೆದೇ ಇದ್ದರೆ ಕೆಳಗಿನ ಒತ್ತಡ ಬರುವುದಿಲ್ಲ. ಚೇಂಬರನ್ನು ಬಾಯಿ ತೆರೆದು ರಾತ್ರಿಯಿಡೀ ಬಿಡಬೇಡ.

ಶಂಕರಘಟ್ಟ ಹಾಸ್ಟೆಲ್:

ಸರ್, ತುಂಬಾ ಥ್ಯಾಂಕ್ಸ್. ಎಣ್ಣೆ ನೋಡಿದೆ, ನೀವು ಹೇಳಿದ ಹಾಗೇ ಬೆಳ್ಳಗಿದೆ.

ಒಂದು ಅನುಮಾನ. ಕಾಂತಕ್ಷೇತ್ರ ಇದ್ದರೆ ಪ್ಲಾಸ್ಮಾದ ಮೇಲ್ಮೈ ಅಲೆ ಎಡಕ್ಕೊಂದು ಥರ ಬಲಕ್ಕೊಂದು ಥರ ಓಡುವುದು ದಶಕಗಳಿಂದ ಗೊತ್ತಿರುವ ವಿಷಯ ಎಂದು ಗೈಡ್ ಹೇಳಿದರು. ಹಾಗಾದರೆ ಒಂದೇ ಕಡೆ ಓಡುವ ಅಲೆ ಕಂಡ ಮಾತ್ರಕ್ಕೆ ಅದು ಟೋಪಾಲಜಿಯದ್ದು, ಅಂದರೆ ಆ ಚರ್ನ್ ಸಂಖ್ಯೆಯಿಂದ ಬಂದದ್ದು ಎಂದು ಹೇಗೆ ಹೇಳುವುದು? ಹಳೆಯ ಅಲೆಗೇ ಹೊಸ ಹೆಸರು ಇಟ್ಟ ಹಾಗಾಗಲಿಲ್ವಾ?

ತಾಳಗುಪ್ಪ ವ್ಯಾಕ್ಯೂಮ್:

ನಿಮ್ಮ ಗೈಡ್ ಹೇಳಿದ್ದು ಸರಿ. ಅವರ ಮಾತನ್ನು ಬಿಡಬೇಡ. ಹೊಸದು ಅಲೆ ಅಲ್ಲ, ಅಲೆ ಯಾಕೆ ಇರಲೇಬೇಕು ಅನ್ನುವ ಕಾರಣ.

ಹಾಗಾಗಿ ಅಳೆಯುವವನು ಮಾಡಬೇಕಾದ್ದು ಬೇರೆ. ಕ್ಷೇತ್ರ ತಿರುಗಿಸಿ ಅಲೆ ಉಲ್ಟಾ ಸುತ್ತುತ್ತದಾ ನೋಡುವುದು ಸುಲಭ, ಕಾಯಿಲ್‌ನ ಎರಡು ತಂತಿ ಅದಲುಬದಲು ಮಾಡಿದರೆ ಆಯಿತು. ಅದನ್ನು ಮಾಡಲೇಬೇಕು, ಆದರೆ ಅಷ್ಟಕ್ಕೇ ನಾನು ನಂಬುವುದಿಲ್ಲ. ಮೊದಲು ಲ್ಯಾಂಗ್‌ಮ್ಯೂರ್ ಪ್ರೋಬಿನಿಂದ ಸಾಂದ್ರತೆಯ ಇಳಿಜಾರು ಅಳೆಯಬೇಕು. ಅದರಿಂದ ಖಾಲಿ ಜಾಗ ಯಾವ ಕಂಪನಾಂಕದಿಂದ ಯಾವ ಕಂಪನಾಂಕಕ್ಕೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಸಿಗ್ನಲ್ ಜನರೇಟರನ್ನು ಕೆಳಗಿನಿಂದ ಮೇಲಿನ ತನಕ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಸುತ್ತ ಎಷ್ಟು ಅಲೆ ಹಿಡಿಯುತ್ತದೆ ಎಂದು ಫೇಸ್ ನೋಡಬೇಕು. ಅಲೆ ಕೆಳಗಿನ ಬ್ಯಾಂಡಿನಿಂದ ಹೊರಟು ಮೇಲಿನ ಬ್ಯಾಂಡಿಗೆ ಮುಟ್ಟಬೇಕು, ಮಧ್ಯದಲ್ಲಿ ಕಡಿಯಬಾರದು. ಇಳಿಜಾರಿನ ಆಕಾರ ಬದಲಿಸಿ ಮತ್ತೆ ನೋಡಬೇಕು. ಕಡಿದಾಗಿಸಿದರೂ ಮೆಲ್ಲಗಾಗಿಸಿದರೂ ದಾಟುವ ಅಲೆಯ ಲೆಕ್ಕ ಅಷ್ಟೇ ಉಳಿದರೆ ಆಗ ಟೋಪಾಲಜಿ ಅನ್ನು. ಆದರೆ ಇಳಿಜಾರು ತೀರಾ ಉದ್ದವಾದರೆ ಬೇರೆ ಸಾಮಾನ್ಯ ಅಲೆಗಳೂ ಖಾಲಿ ಜಾಗಕ್ಕೆ ನುಸುಳುತ್ತವೆ, ಅವು ಹೋಗುವುದೂ ಬರುವುದೂ ಎರಡೂ ಇರುತ್ತದೆ.

ಆಂಟೆನಾ ಬಗ್ಗೆ. ಸಣ್ಣ ಲೂಪುಗಳನ್ನು ಉದ್ದಕ್ಕೆ 5 ಸೆಂಟಿಮೀಟರ್‌ಗೊಂದು ಇಟ್ಟು, ಒಂದು ಬಿಟ್ಟು ಒಂದಕ್ಕೆ ಉಲ್ಟಾ ಫೇಸ್ ಕೊಟ್ಟರೆ 10 ಸೆಂಟಿಮೀಟರ್ ಅಲೆ ಹುಟ್ಟುತ್ತದೆ. ಉದ್ದದ ಎರಡೂ ಕಡೆಗೆ ಹೊರಟರೂ ತೊಂದರೆ ಇಲ್ಲ, ಕಂಬದ ಸುತ್ತ ಅವೆರಡೂ ಒಂದೇ ಕಡೆ ಸುತ್ತುತ್ತವೆ. ಕಷ್ಟ ಇರುವುದು ಪ್ಲಾಸ್ಮಾದ ಸ್ವಂತ ಅಲುಗಾಟದಲ್ಲಿ. ಅಂಚಿನಲ್ಲಿ ಸಾಂದ್ರತೆಯ ಇಳಿಜಾರಿನಿಂದ ಹುಟ್ಟುವ ಡ್ರಿಫ್ಟ್ ಅಲೆಗಳು ಕಿಲೋಹರ್ಟ್ಸ್ ಲೆಕ್ಕದಲ್ಲಿ ಆಡುತ್ತಿರುತ್ತವೆ. ಗಿಗಾಹರ್ಟ್ಸ್ ಅಲೆಗೆ ಅದು ನಿಂತ ಹಾಗೇ ಕಾಣುತ್ತದೆ, ಆದರೆ ಒಂದು ಶಾಟಿನಲ್ಲಿ (ಪ್ಲಾಸ್ಮಾ ಒಂದು ಸಲ ಹೊತ್ತಿದಾಗ) ಅಂಚು ಇಲ್ಲಿ, ಮುಂದಿನದ್ದರಲ್ಲಿ ಅಲ್ಲಿ. ನೂರಾರು ಶಾಟ್ ಸರಾಸರಿ ಮಾಡಿದರೆ ಫೇಸ್ ಕಲಸಿಹೋಗುತ್ತದೆ. ಒಂದು ಪ್ರೋಬನ್ನು ಕದಲಿಸದೆ ಇಟ್ಟು, ಅದು ಒಂದೇ ಥರ ತೋರಿಸಿದ ಶಾಟ್‌ಗಳನ್ನು ಮಾತ್ರ ಆರಿಸಿ ಸರಾಸರಿ ಮಾಡುವುದು ರೂಢಿ.

ಕೊಪ್ಪ ಪೈಥಾನ್:

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಕೊಪ್ಪ. ತಾಳಗುಪ್ಪದ ಅಣ್ಣ ಹೇಳಿದ್ದು ಅನುಭವದ ಮಾತು. ಹಾಸ್ಟೆಲ್‌ನವರೇ, ನಿಮ್ಮ ಪ್ರಾಜೆಕ್ಟ್ ಲ್ಯಾಪ್‌ಟಾಪಿನಲ್ಲೇ ಇದೆ. ಪಂಪು ರಿಪೇರಿಯಾಗುವ ತನಕ ಕಾಯಬೇಕಿಲ್ಲ.

ಅಯಾನುಗಳು ಅಲುಗಾಡುವುದಿಲ್ಲ, ಎಲೆಕ್ಟ್ರಾನುಗಳಿಗೆ ಬಿಸಿ ಇಲ್ಲ ಎಂದು ಇಟ್ಟುಕೊಂಡರೆ ಬರೀ 9 ಅಜ್ಞಾತಗಳು. ವೇಗ 3, ವಿದ್ಯುತ್ ಕ್ಷೇತ್ರ 3, ಕಾಂತಕ್ಷೇತ್ರ 3. ಸಾಂದ್ರತೆ ಎಲ್ಲೆಡೆ ಒಂದೇ ಆದರೆ 9 ಬ್ಯಾಂಡು, ಧನದಲ್ಲಿ 4, ಋಣದಲ್ಲಿ 4, ಸೊನ್ನೆಯಲ್ಲಿ 1. ಸಾಂದ್ರತೆಗೆ ಇಳಿಜಾರು ಕೊಟ್ಟು ಗ್ರಿಡ್ ಮೇಲೆ ಬರೆದರೆ ಅದೇ ಒಂದು ದೊಡ್ಡ ಮ್ಯಾಟ್ರಿಕ್ಸ್, ಐಗನ್ ಬೆಲೆ (ಅಂದರೆ ಅಲೆಗಳ ಕಂಪನಾಂಕ) ತೆಗೆಯಲು ಪೈಥಾನ್‌ನ ನಂಪೈ ಲೈಬ್ರರಿ ಸಾಕು. ಗಿರಕಿಯ ಕಂಪನಾಂಕ, ಬೆಳಕಿನ ವೇಗ ಎರಡನ್ನೂ 1 ಎಂದು ಇಟ್ಟುಕೊಳ್ಳಿ. ಅಣ್ಣ ಕೊಟ್ಟ ಉದಾಹರಣೆಯಲ್ಲಿ ಉದ್ದದ ಅಲೆಸಂಖ್ಯೆ ಸುಮಾರು 1.07 ಆಗುತ್ತದೆ. ದಟ್ಟ ಕಡೆ ಪ್ಲಾಸ್ಮಾ ಕಂಪನಾಂಕ 0.9, ತೆಳು ಕಡೆ 0.3 ಕೊಡಿ. 0.64ರ ಆಚೀಚೆ ಖಾಲಿ ಜಾಗ, ಅದನ್ನು ದಾಟುವ ಒಂದು ಗೆರೆ ಕಾಣಬೇಕು.

ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಗ್ರಿಡ್ಡನ್ನು ಸುತ್ತಿ ಜೋಡಿಸಿದರೆ ಸಾಂದ್ರತೆ ಏರುವ ಅಂಚು ಒಂದು, ಇಳಿಯುವ ಅಂಚು ಒಂದು, ಹೀಗೆ ಎರಡು ಅಂಚು ಬರುತ್ತವೆ. ಅದಕ್ಕೇ ಎರಡು ಗೆರೆ ಎದುರುಬದುರು ದಾಟುತ್ತವೆ. ಒಂದೇ ಕಡೆ ಅಂದರಲ್ಲ, ಎರಡು ಕಡೆ ಬಂತಲ್ಲ ಅನ್ನಿಸುತ್ತದೆ. ಪ್ರತಿ ಐಗನ್ ವೆಕ್ಟರ್ ಎಲ್ಲಿ ಗುಡ್ಡೆಯಾಗಿದೆ ನೋಡಿ ಬಣ್ಣ ಕೊಡಿ, ಬೇರೆ ಬೇರೆ ಆಗುತ್ತವೆ.

ಇನ್ನೊಂದು ಕಡೆ ಎಚ್ಚರ. ಘನವಸ್ತುವಿನಲ್ಲಿ ಅಲೆಸಂಖ್ಯೆಗೆ ಮಿತಿ ಇದೆ, ಪರಮಾಣುಗಳ ಸಾಲು ಅದನ್ನು ಕಟ್ಟಿಹಾಕುತ್ತದೆ. ಇಲ್ಲಿ ಅನಂತದ ತನಕ ಹೋಗುತ್ತದೆ. ಹಾಗೇ ಚರ್ನ್ ಸಂಖ್ಯೆ ಲೆಕ್ಕ ಹಾಕಿದರೆ ಪೂರ್ಣಾಂಕ ಬರುವುದಿಲ್ಲ. ತೀರಾ ಚಿಕ್ಕ ಅಲೆಯುದ್ದಕ್ಕೆ ಪ್ಲಾಸ್ಮಾ ಸ್ಪಂದಿಸುವುದಿಲ್ಲ ಎಂದು ಒಂದು ಮಿತಿ ಹಾಕಬೇಕು, ಆಗ ಸರಿಹೋಗುತ್ತದೆ. ಮಿತಿ ಹಾಕುವುದಕ್ಕೆ ಕಾರಣವೂ ಇದೆ, ಎಲೆಕ್ಟ್ರಾನುಗಳು ಒಂದೊಂದಾಗಿ ಎಣಿಕೆಗೆ ಬರುವಷ್ಟು ಚಿಕ್ಕ ಅಳತೆಯಲ್ಲಿ ಅದನ್ನು ದ್ರವ ಅನ್ನಲು ಬರುವುದಿಲ್ಲ. ನಿಮ್ಮ ಗೈಡ್ ಇದನ್ನು ಖಂಡಿತ ಕೇಳುತ್ತಾರೆ.

ಇಷ್ಟಾದ ಮೇಲೆ ಡಿಕ್ಕಿಯ ಪದವನ್ನು ವೇಗದ ಸಮೀಕರಣಕ್ಕೆ ಸೇರಿಸಿ, 1 ಮಿಲಿಬಾರ್‌ನಿಂದ ಕೆಳಗೆ ಇಳಿಸುತ್ತಾ ಅಲೆ ಕಂಬವನ್ನು ಎಷ್ಟು ಸುತ್ತು ಹಾಕಿ ಸಾಯುತ್ತದೆ ಎಂದು ತೆಗೆಯಿರಿ. ಯಂತ್ರ ಕಟ್ಟುವವರಿಗೆ ಮೊದಲು ಬೇಕಾಗುವ ಅಂಕಿ ಅದೇ. ಕೋಡ್ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಹಾಕಿ, ಭಾನುವಾರ ನೋಡುತ್ತೇನೆ.

ಶಂಕರಘಟ್ಟ ಹಾಸ್ಟೆಲ್:

ಆಯ್ತು ಅಣ್ಣ, ಇವತ್ತೇ ಶುರು ಮಾಡುತ್ತೇನೆ. ಮೊದಲು ಇಳಿಜಾರು ಇಲ್ಲದ 9 ಬ್ಯಾಂಡ್ ಚಿತ್ರ ಹಾಕುತ್ತೇನೆ, ತಪ್ಪಿದ್ದರೆ ಬೈಯಿರಿ. ತಾಳಗುಪ್ಪ ಸರ್, ಪಂಪಿಗೆ ಯಾವ ದಪ್ಪದ ಎಣ್ಣೆ ಹಾಕಬೇಕು? ಸ್ಟೋರಿನಲ್ಲಿ ಎರಡು ಥರ ಇದೆ ಅನ್ನುತ್ತಿದ್ದಾರೆ.

ತಾಳಗುಪ್ಪ ವ್ಯಾಕ್ಯೂಮ್:

ಪಂಪಿನ ಮೇಲಿನ ತಗಡಿನಲ್ಲಿ ಬರೆದಿರುತ್ತದೆ, ಅದನ್ನೇ ಹಾಕು. ಹಳೆಯ ಎಣ್ಣೆ ಪೂರ್ತಿ ಬಸಿದ ಮೇಲೆ ಸ್ವಲ್ಪ ಹೊಸದು ಹಾಕಿ ಐದು ನಿಮಿಷ ಓಡಿಸಿ ಅದನ್ನೂ ಬಸಿ. ಆಮೇಲೆ ತುಂಬಿಸು. ಎರಡು ಥರದ್ದನ್ನು ಬೆರೆಸಬೇಡ.